ಅವಳಿ ಕಲ್ಲುಗಳು: ಯಾರ ಸುತ್ತ ಯಾರು?

ಮಕ್ಕಳೇ, ಇಬ್ಬರು ಎದುರುಬದುರು ನಿಂತು, ಕೈಗೆ ಕೈ ಹೆಣೆದು, ಹಿಂದಕ್ಕೆ ವಾಲಿ ಗಿರಗಿರನೆ ತಿರುಗುವ ಆಟವನ್ನು ನೀವೆಲ್ಲ ಆಡಿರುತ್ತೀರಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ತೂಕವಾದರೆ ಇಬ್ಬರೂ ಒಂದೇ ಅಳತೆಯ ಸುತ್ತು ಹಾಕುತ್ತೀರಿ. ನಡುಮಧ್ಯೆ, ಹೆಣೆದ ಕೈಗಳ ಕೆಳಗೆ, ನೆಲ ಖಾಲಿ. ಅಲ್ಲಿ ಯಾರೂ ಇಲ್ಲ. ಈಗ ಅದೇ ಆಟವನ್ನು ನಿಮ್ಮ ತಾತನ ಜೊತೆ ಆಡಿ ನೋಡಿ (ಮಂಡಿನೋವು ಇಲ್ಲದ ದಿನ ನೋಡಿ ಕರೆಯಿರಿ). ನೀವು ಅಂಗಳದ ತುಂಬ ದೊಡ್ಡ ಸುತ್ತು ಹಾಕುತ್ತೀರಿ, ತಾತ ಇದ್ದಲ್ಲೇ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾರೆ. ದೂರದಿಂದ ನೋಡಿದವರಿಗೆ ತಾತ ಕಂಬದಂತೆ ನಿಂತಿದ್ದಾರೆ, ಮೊಮ್ಮಗು ಸುತ್ತುತ್ತಿದೆ ಅನ್ನಿಸುತ್ತದೆ. ಆದರೆ ತಾತನ ಪಾದ ನೋಡಿ. ಅವರೂ ಸುತ್ತುತ್ತಿದ್ದಾರೆ, ಸುತ್ತು ಚಿಕ್ಕದು ಅಷ್ಟೆ.

ಭೂಮಿ ಮತ್ತು ಚಂದ್ರನ ವಿಷಯವೂ ಹೀಗೇ. ಚಂದ್ರ ಭೂಮಿಯ ಸುತ್ತ ತಿರುಗುತ್ತಾನೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಿಜ ಹೇಳಬೇಕೆಂದರೆ ಇಬ್ಬರೂ ಸೇರಿ ಒಂದು ಬಿಂದುವಿನ ಸುತ್ತ ತಿರುಗುತ್ತಾರೆ. ಆ ಬಿಂದು ಭೂಮಿಯ ಕೇಂದ್ರದಿಂದ ಸುಮಾರು 4,670 ಕಿ.ಮೀ. ದೂರದಲ್ಲಿದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಆದದ್ದರಿಂದ ಅದು ಭೂಮಿಯ ಹೊಟ್ಟೆಯೊಳಗೇ ಉಳಿದುಬಿಟ್ಟಿದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪ್ಲೂಟೊ ಮತ್ತು ಅದರ ಚಂದ್ರ ಕೇರನ್ ಹಾಗಲ್ಲ. ಅವೆರಡರ ನಡುವಿನ ಬಿಂದು ಪ್ಲೂಟೊದ ನೆಲದಿಂದ 900 ಕಿ.ಮೀ.ಗೂ ಹೆಚ್ಚು ಮೇಲೆ, ಬಟ್ಟ ಬಯಲಿನಲ್ಲಿದೆ. ಇದನ್ನು ದ್ರವ್ಯರಾಶಿ ಕೇಂದ್ರ ಎನ್ನುತ್ತಾರೆ. ನಾನು ಈ ಬರಹದಲ್ಲಿ 'ಖಾಲಿ ಬಿಂದು' ಎಂದೇ ಕರೆಯುತ್ತೇನೆ.

ಕಳೆದ ಬೇಸಿಗೆ ರಜೆಯಲ್ಲಿ ನಾನೂ ಎಂಟನೇ ತರಗತಿಯ ನನ್ನ ಮೊಮ್ಮಗಳೂ ಈ ಖಾಲಿ ಬಿಂದುವಿನ ಬೆನ್ನು ಹತ್ತಿದೆವು. ಕಂಪ್ಯೂಟರಿನಲ್ಲಿ ಒಂದು ಅವಳಿ ಕ್ಷುದ್ರಗ್ರಹವನ್ನು ಕಟ್ಟುವುದು, ಅದರ ನಡುವೆ ಗಗನನೌಕೆ ಓಡಿಸುವುದು, ಇದು ನಮ್ಮ ಯೋಜನೆ. ಬ್ಯಾಂಕಿನ ಲೆಡ್ಜರಿನ ಮುಂದೆ ಮೂರೂವರೆ ದಶಕ ಕೂತವನಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಕೇಳಿದರು. ಲೆಕ್ಕ ತಾಳೆಯಾಗುವುದನ್ನು ನೋಡುವ ಚಪಲ ನಿವೃತ್ತಿಯಾದ ಮಾತ್ರಕ್ಕೆ ಹೋಗುವುದಿಲ್ಲ ಎಂದೆ.

ಅವಳಿ ಎಂದರೆ ಎಂಥ ಅವಳಿ?

ಮಂಗಳ ಮತ್ತು ಗುರುಗ್ರಹಗಳ ನಡುವೆ ಲಕ್ಷಾಂತರ ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. ಇಂಥ ಒಂದು ಕಲ್ಲಿಗೂ ಚಂದ್ರ ಇರಬಹುದೇ ಎಂಬ ಪ್ರಶ್ನೆಗೆ ಬಹಳ ಕಾಲ ಉತ್ತರವಿರಲಿಲ್ಲ. 1993ರ ಆಗಸ್ಟ್‌ನಲ್ಲಿ ಗೆಲಿಲಿಯೊ ನೌಕೆ ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ಐಡಾ ಎಂಬ ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋಯಿತು. ಅದು ಕಳಿಸಿದ ಚಿತ್ರಗಳನ್ನು ಮುಂದಿನ ಫೆಬ್ರುವರಿಯಲ್ಲಿ ಪರಿಶೀಲಿಸುತ್ತಿದ್ದಾಗ ಆನ್ ಹಾರ್ಚ್ ಎಂಬವರಿಗೆ ಐಡಾದ ಪಕ್ಕ ಒಂದು ಚುಕ್ಕೆ ಕಂಡಿತು. ಅದು ಡ್ಯಾಕ್ಟಿಲ್, ಅಡ್ಡಳತೆ ಒಂದೂವರೆ ಕಿ.ಮೀ.ಯೂ ಇಲ್ಲದ ಪುಟ್ಟ ಚಂದ್ರ. ಅಲ್ಲಿಂದ ಮುಂದೆ ಇಂಥ ಜೋಡಿಗಳು ಒಂದರ ಹಿಂದೊಂದು ಸಿಕ್ಕವು. ಭೂಮಿಯ ಹತ್ತಿರಕ್ಕೆ ಬರುವ, 200 ಮೀಟರಿಗಿಂತ ದೊಡ್ಡದಾದ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ಸುಮಾರು 15 ಜೋಡಿಯಾಗಿಯೇ ಇವೆ.

ಆದರೆ ನಮಗೆ ಬೇಕಾದದ್ದು ತಾತ-ಮೊಮ್ಮಗುವಿನ ಜೋಡಿಯಲ್ಲ, ಸಮ ತೂಕದ ಇಬ್ಬರು ಗೆಳತಿಯರ ಜೋಡಿ. ಅಂಥದ್ದು ಒಂದಿದೆ. ಹೆಸರು ಆಂಟಿಯೋಪಿ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ 90ನೆಯದು. ಜರ್ಮನಿಯ ರಾಬರ್ಟ್ ಲೂಥರ್ 1866ರಲ್ಲಿ ಇದನ್ನು ಕಂಡುಹಿಡಿದರು. ನೂರಾಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಅದನ್ನು ಒಂದೇ ಕಲ್ಲು ಎಂದುಕೊಂಡಿದ್ದರು. 2000ನೇ ಇಸವಿಯಲ್ಲಿ ಹವಾಯಿ ದ್ವೀಪದ ಕೆಕ್ ದೂರದರ್ಶಕದಲ್ಲಿ ನೋಡಿದಾಗ ಒಂದು ಚುಕ್ಕೆಯ ಜಾಗದಲ್ಲಿ ಎರಡು ಚುಕ್ಕೆ! ಎರಡೂ ಬಹುತೇಕ ಒಂದೇ ಗಾತ್ರ. ಒಂದೊಂದರ ಅಡ್ಡಳತೆ ಸುಮಾರು 87 ಕಿ.ಮೀ. ಒಂದರ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ ಸುಮಾರು 170 ಕಿ.ಮೀ.

170 ಕಿ.ಮೀ. ಎಂದರೆ ಎಷ್ಟು? ಬೆಂಗಳೂರಿನಿಂದ ಹೊರಟು ಮೈಸೂರು ದಾಟಿ ನಂಜನಗೂಡು ಸೇರುವಷ್ಟು. ಒಂದು ಕಲ್ಲಿನ ಕೇಂದ್ರವನ್ನು ಬೆಂಗಳೂರಿನಲ್ಲೂ ಇನ್ನೊಂದರದನ್ನು ನಂಜನಗೂಡಿನಲ್ಲೂ ಇಟ್ಟರೆ, ಎರಡೂ ಸುತ್ತುವ ಖಾಲಿ ಬಿಂದು ಮದ್ದೂರಿನ ಆಸುಪಾಸಿನಲ್ಲಿ ಬರುತ್ತದೆ. ವಡೆ ಸಿಗುವುದಿಲ್ಲ, ಏನೂ ಸಿಗುವುದಿಲ್ಲ. ಬರೀ ಆಕಾಶ. ಆ ಏನೂ ಇಲ್ಲದ ಜಾಗವನ್ನು ಎರಡು ಬೆಟ್ಟದಂಥ ಕಲ್ಲುಗಳು 16 ಗಂಟೆ 30 ನಿಮಿಷಕ್ಕೊಮ್ಮೆ ಪ್ರದಕ್ಷಿಣೆ ಹಾಕುತ್ತವೆ. ವೇಗ ಲೆಕ್ಕ ಹಾಕಿ ನೋಡಿದೆವು. 85 ಕಿ.ಮೀ. ತ್ರಿಜ್ಯದ ವೃತ್ತ, ಸುತ್ತಳತೆ 534 ಕಿ.ಮೀ., ಅದನ್ನು 16.5ರಿಂದ ಭಾಗಿಸಿದರೆ ಗಂಟೆಗೆ 32 ಕಿ.ಮೀ. ನಮ್ಮ ಸಿಟಿ ಬಸ್ಸಿನ ವೇಗ! ಆಕಾಶಕಾಯ ಎಂದರೆ ಶರವೇಗ ಎಂದುಕೊಂಡಿದ್ದ ಮೊಮ್ಮಗಳಿಗೆ ಇದು ಸ್ವಲ್ಪ ನಿರಾಸೆಯನ್ನೇ ತಂದಿತು. ನನಗೆ ಮಾತ್ರ ಬಹಳ ಇಷ್ಟವಾಯಿತು.

ಖಾತೆ ತೆರೆಯುವ ಕೆಲಸ

ನಾವು ಬಳಸಿದ ತಂತ್ರಾಂಶದ ಹೆಸರು ಆರ್ಬಿಟರ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮಾರ್ಟಿನ್ ಶ್ವೈಗರ್ ಎಂಬವರು ಇದನ್ನು ಬರೆದು 2000ದಲ್ಲಿ ಮೊದಲ ಸಲ ಹೊರತಂದರು. ಆಗಿನಿಂದಲೂ ಉಚಿತ. 2021ರಲ್ಲಿ ಅದರ ಒಳಗಿನ ಬರವಣಿಗೆಯನ್ನೂ ಎಲ್ಲರಿಗೂ ತೆರೆದಿಟ್ಟರು. ಇದರಲ್ಲಿ ಶತ್ರುಗಳಿಲ್ಲ, ಗುಂಡು ಹಾರಿಸುವುದಿಲ್ಲ, ಅಂಕ ಸಿಗುವುದಿಲ್ಲ. ನೌಕೆಗೆ ಎಷ್ಟು ಇಂಧನ, ಯಾವ ದಿಕ್ಕಿಗೆ ಎಷ್ಟು ಹೊತ್ತು ನೂಕಬೇಕು ಎಂಬುದನ್ನು ನ್ಯೂಟನ್ನನ ನಿಯಮಗಳ ಪ್ರಕಾರವೇ ನೀವು ನಿಭಾಯಿಸಬೇಕು. ಮೊದಲ ವಾರ ಬೇಸರವಾಗಬಹುದು. ಅಜ್ಜ-ಅಜ್ಜಿಯರು ಪಕ್ಕದಲ್ಲಿ ಕೂತರೆ ಆ ವಾರ ದಾಟುತ್ತದೆ.

ಇದರಲ್ಲಿ ಹೊಸ ಆಕಾಶಕಾಯವನ್ನು ಸೇರಿಸುವುದು ಬ್ಯಾಂಕಿನಲ್ಲಿ ಖಾತೆ ತೆರೆದಷ್ಟೇ ಸರಳ. ಒಂದು ಸಾಧಾರಣ ಪಠ್ಯ ಫೈಲ್. ಅದರಲ್ಲಿ ಸಾಲುಸಾಲಾಗಿ ಬರೆಯಬೇಕು: ಹೆಸರು, ದ್ರವ್ಯರಾಶಿ ಕಿಲೋಗ್ರಾಮಿನಲ್ಲಿ, ತ್ರಿಜ್ಯ ಮೀಟರಿನಲ್ಲಿ, ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಬೇಕಾದ ಸಮಯ ಸೆಕೆಂಡಿನಲ್ಲಿ, ಕಕ್ಷೆ ಎಷ್ಟು ದೊಡ್ಡದು, ಎಷ್ಟು ಮೊಟ್ಟೆಯಾಕಾರ, ಎಷ್ಟು ವಾರೆ. ಮೊಮ್ಮಗಳು ಹೇಳುತ್ತ ಹೋದಳು, ನಾನು ಒಂದೊಂದೇ ಬೆರಳಲ್ಲಿ ಟೈಪ್ ಮಾಡುತ್ತ ಹೋದೆ. ತ್ರಿಜ್ಯ 43,500. ಸುತ್ತುವ ಸಮಯ 59,400 ಸೆಕೆಂಡ್. ದ್ರವ್ಯರಾಶಿಯ ಸಾಲಿನಲ್ಲಿ 4 ಬರೆದು ಮುಂದೆ 17 ಸೊನ್ನೆ. ನನ್ನ ಸರ್ವೀಸಿನಲ್ಲಿ ಯಾರ ಪಾಸ್‌ಬುಕ್ಕಿನಲ್ಲೂ ಅಷ್ಟು ಸೊನ್ನೆ ಬರೆಯುವ ಯೋಗ ಬಂದಿರಲಿಲ್ಲ.

ಆಮೇಲೆ ಅವಳು ತಟ್ಟನೆ ನಿಂತಳು.

"ತಾತ, ಇಲ್ಲಿ ಯಾರ ಸುತ್ತ ತಿರುಗುತ್ತೆ ಅಂತ ಕೇಳ್ತಿದೆ. ಇವೆರಡರಲ್ಲಿ ಯಾವುದು ಗ್ರಹ, ಯಾವುದು ಚಂದ್ರ ಅಂತ ಬರೀಲಿ?"

ಇದೇ ಗಂಟು. ಆರ್ಬಿಟರಿನ ಪಟ್ಟಿಯಲ್ಲಿ ಸೂರ್ಯನ ಕೆಳಗೆ ಗ್ರಹ, ಗ್ರಹದ ಕೆಳಗೆ ಚಂದ್ರ ಎಂದು ವಂಶವೃಕ್ಷದ ಹಾಗೆ ಬರೆಯಬೇಕು. ಭೂಮಿ ಮತ್ತು ಚಂದ್ರನಿಗೆ ಅದು ಸರಿ. ಆಂಟಿಯೋಪಿಯ ಅವಳಿಯಲ್ಲಿ ಒಂದನ್ನು ಯಜಮಾನ ಮಾಡಿ ಇನ್ನೊಂದನ್ನು ಅದರ ಸುತ್ತ ತಿರುಗಿಸಿದರೆ, ಯಜಮಾನ ಕಂಬದಂತೆ ನಿಂತುಬಿಡುತ್ತಾನೆ, ಇನ್ನೊಂದು ಪಾಪ ದುಪ್ಪಟ್ಟು ದೊಡ್ಡ ಸುತ್ತು ಹಾಕುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಆಂಟಿಯೋಪಿ ಅಲ್ಲ.

"ಯಾವುದೂ ಅಲ್ಲ ಕಣೇ. ನಡುವೆ ಮೂರನೆಯವರೊಬ್ಬರನ್ನು ನಿಲ್ಲಿಸೋಣ" ಎಂದೆ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂದು ಒಂದಿರುತ್ತದೆ. ಯಾರ ಖಾತೆಗೆ ಸೇರಬೇಕೆಂದು ತಕ್ಷಣ ಗೊತ್ತಾಗದ ಹಣವನ್ನು ಅಲ್ಲಿ ಇಡುತ್ತೇವೆ. ಅದು ಯಾವ ಗಿರಾಕಿಯದೂ ಅಲ್ಲ. ಲೆಕ್ಕ ನಿಲ್ಲದೆ ಮುಂದೆ ಹೋಗಲಿ ಎಂದು ಮಾಡಿಕೊಂಡ ಹೆಸರು ಮಾತ್ರ. ಹಾಗೆಯೇ ಖಾಲಿ ಬಿಂದುವಿನ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಕಾಯವನ್ನು ಇಡುವುದು. ಸೂರ್ಯನ ಸುತ್ತ ಐದೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲದ ಯಾತ್ರೆ ಹೋಗುವುದು ಆ ಕಾಣದ ಕಾಯ. ಅವಳಿಗಳೆರಡೂ ಅದರ ಚಂದ್ರರು, ವೃತ್ತದಲ್ಲಿ ಎದುರುಬದುರು.

ಸರಿ, ಆ ಕಾಣದವನ ತೂಕ ಎಷ್ಟು ಬರೆಯಬೇಕು? ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ನಿಜದಲ್ಲಿ ಒಂದು ಕಲ್ಲನ್ನು ಎಳೆಯುವುದು 170 ಕಿ.ಮೀ. ದೂರದಲ್ಲಿರುವ ಅದರ ಜೊತೆಗಾರ. ನಮ್ಮ ಮಾದರಿಯಲ್ಲಿ ಎಳೆಯಬೇಕಾದವನು ಅದರ ಅರ್ಧ ದೂರದಲ್ಲಿ, 85 ಕಿ.ಮೀ.ಯಲ್ಲಿ ಕೂತಿದ್ದಾನೆ. ದೂರ ಅರ್ಧವಾದರೆ ಗುರುತ್ವದ ಎಳೆತ ನಾಲ್ಕು ಪಟ್ಟು. ಆದ್ದರಿಂದ ಒಂದು ಕಲ್ಲಿನ ಕಾಲುಭಾಗ ತೂಕವಿದ್ದರೆ ಸಾಕು. 4ರ ಮುಂದೆ 17 ಸೊನ್ನೆಯ ಬದಲು 1ರ ಮುಂದೆ 17 ಸೊನ್ನೆ. ಹೀಗೆ ಬರೆದರೆ ಅವಳಿಗಳು ಹದಿನಾರೂವರೆ ಗಂಟೆಗೆ ಸರಿಯಾಗಿ ಸುತ್ತುತ್ತವೆ.

ಸುಲಭದ ದಾರಿ ಇದು. ಆದರೆ ಸಸ್ಪೆನ್ಸ್ ಅಕೌಂಟಿನಲ್ಲಿ ದೊಡ್ಡ ಮೊತ್ತ ಉಳಿಯುವುದನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಯಾಕೆಂದರೆ ನಾವು ಅಲ್ಲಿಗೆ ನೌಕೆ ತೆಗೆದುಕೊಂಡು ಹೋದಾಗ ಇಲ್ಲದ ಆ ಮೂರನೆಯವನೂ ನೌಕೆಯನ್ನು ಎಳೆಯುತ್ತಾನೆ. 4 ಮತ್ತು 4 ಸೇರಿ 8 ಪಾಲು ಎಳೆತ ಇರಬೇಕಾದಲ್ಲಿ 9 ಪಾಲು. ದೂರದಿಂದ ಹೇಗೋ ನಿಭಾಯಿಸಬಹುದು. ನಡುಮಧ್ಯಕ್ಕೆ ಹೋದರಂತೂ ಏನೂ ಇಲ್ಲದ ಜಾಗ ನೌಕೆಯನ್ನು ನುಂಗಲು ಬರುತ್ತದೆ.

ಇದಕ್ಕೆ ಪರಿಹಾರ ಒದಗಿಸಿದವನು ಎಂಜಿನಿಯರಿಂಗ್ ಓದುತ್ತಿರುವ ಅವಳ ಅಣ್ಣ. ಆರ್ಬಿಟರಿನಲ್ಲಿ ಒಂದು ಕಾಯದ ಚಲನೆಯನ್ನು ನಾವೇ ಪುಟ್ಟ ಪ್ರೋಗ್ರಾಮ್ ಬರೆದು ಹೇಳಲು ಅವಕಾಶವಿದೆ. ಕಾಣದ ಕಾಯದ ತೂಕವನ್ನು ಬರೀ ಒಂದು ಕಿಲೋ ಎಂದು ಬರೆದೆವು, ಅದು ಯಾರನ್ನೂ ಎಳೆಯಲಾರದು. ಅವಳಿಗಳು ಎಲ್ಲಿರಬೇಕು ಎಂಬುದನ್ನು ಪ್ರೋಗ್ರಾಮೇ ಕ್ಷಣಕ್ಷಣಕ್ಕೂ ಹೇಳುತ್ತದೆ. ಹತ್ತನೇ ತರಗತಿಯ ಸೈನ್ ಮತ್ತು ಕೊಸೈನ್ ಗೊತ್ತಿದ್ದರೆ ಸಾಕು. ಒಂದು ಕಲ್ಲಿನ ಸ್ಥಾನಕ್ಕೆ ಎರಡು ಸಂಖ್ಯೆ. ಇನ್ನೊಂದಕ್ಕೂ ಅವೇ ಎರಡು ಸಂಖ್ಯೆ, ಮುಂದೆ ಮೈನಸ್ ಚಿಹ್ನೆ. ಡೆಬಿಟ್ ಎಷ್ಟೋ ಕ್ರೆಡಿಟ್ ಅಷ್ಟು! ಬಿ.ಕಾಂ. ಓದಿದವನಿಗೆ ಇದಕ್ಕಿಂತ ಹಿತವಾದ ವಿಜ್ಞಾನ ಇನ್ನೊಂದಿಲ್ಲ.

ತಾಳೆ ನೋಡುವುದೂ ಸುಲಭ. ಆರ್ಬಿಟರಿನಲ್ಲಿ ಕಾಲವನ್ನು ಸಾವಿರ ಪಟ್ಟು ಬೇಗ ಓಡಿಸಬಹುದು. ಆಗ 59,400 ಸೆಕೆಂಡಿನ ಸುತ್ತು 59.4 ಸೆಕೆಂಡಿನಲ್ಲಿ ಮುಗಿಯಬೇಕು. ಮೊಮ್ಮಗಳು ಪರದೆ ನೋಡಿದಳು, ನಾನು ಗೋಡೆ ಗಡಿಯಾರ ನೋಡಿದೆ. ಒಂದು ನಿಮಿಷಕ್ಕೆ ಕೂದಲೆಳೆಯಷ್ಟು ಮೊದಲು ಒಂದು ಪ್ರದಕ್ಷಿಣೆ ಮುಗಿಯಿತು.

ನಡುವೆ ನಿಂತರೆ ಏನಾಗುತ್ತದೆ?

ಮಾದರಿ ನಿಂತ ಮೇಲೆ ನೌಕೆಯನ್ನು ಒಂದು ಕಲ್ಲಿನ ಮೇಲೆ, ಜೊತೆಗಾರ ಕಾಣುವ ಕಡೆ, ಇಳಿಸಿದೆವು. 40 ಕಿಲೋ ತೂಗುವ ಮಗು ಅಲ್ಲಿ ನಿಂತರೆ ತೂಕ 60 ಗ್ರಾಂ, ಒಂದು ನಿಂಬೆಹಣ್ಣಿನಷ್ಟು. ತಲೆಯೆತ್ತಿದರೆ ಆಕಾಶದಲ್ಲಿ ಅವಳಿ. ಎಷ್ಟು ದೊಡ್ಡದಾಗಿ? ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ ಮರೆಮಾಡುತ್ತದೆ. ಅಂಥ ನಾಲ್ಕು ಮುಷ್ಟಿ ಅಗಲ. ನಮ್ಮ ಹುಣ್ಣಿಮೆ ಚಂದ್ರರನ್ನು ಎಂಬತ್ತು ಸಲ ಸಾಲಾಗಿ ಜೋಡಿಸಿದಷ್ಟು. ಅದು ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ಎರಡೂ ಒಂದಕ್ಕೊಂದು ಸದಾ ಒಂದೇ ಮುಖ ತೋರಿಸುತ್ತ ತಿರುಗುವುದರಿಂದ ಅದು ಆಕಾಶಕ್ಕೆ ಮೊಳೆ ಹೊಡೆದಂತೆ ಅಲ್ಲೇ ಇರುತ್ತದೆ. ಬೆನ್ನಿನ ಕಡೆ ಮನೆ ಕಟ್ಟಿದವರಿಗೆ ತಮಗೊಬ್ಬ ಜೊತೆಗಾರ ಇದ್ದಾನೆಂದು ಎಂದೂ ತಿಳಿಯುವುದೇ ಇಲ್ಲ.

ಕ್ರಿಕೆಟ್ ಹುಚ್ಚಿನವರಿಗೆ ಒಂದು ಮಾತು. ಈ ಮುಖದಲ್ಲಿ ನಿಂತು ಚೆಂಡನ್ನು ಮೇಲಕ್ಕೆ ಎಸೆದರೆ ಅದು ಇನ್ನೊಂದು ಕಲ್ಲಿನ ಮೇಲೆ ಬೀಳಲು ಎಷ್ಟು ವೇಗ ಬೇಕು? ಲೆಕ್ಕ ಹಾಕಿದರೆ ಗಂಟೆಗೆ 75 ಕಿ.ಮೀ.ಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಸ್ಪಿನ್ ಬೌಲರು ಕೂಡ ಅಷ್ಟು ವೇಗ ಕೊಡುತ್ತಾರೆ. ಗುರಿ ಮಾತ್ರ ಸರಿಯಾಗಿ ಇಡಬೇಕು, ಯಾಕೆಂದರೆ ಚೆಂಡು ಗಾಳಿಯೇ ಇಲ್ಲದ ಆಕಾಶದಲ್ಲಿ ಗಂಟೆಗಟ್ಟಲೆ ಹೋಗುತ್ತಿರುವಾಗ ಎರಡು ಕಲ್ಲುಗಳೂ ಕೆಳಗೆ ಸುತ್ತುತ್ತಿರುತ್ತವೆ.

ಕೊನೆಗೆ ನೌಕೆಯನ್ನು ಖಾಲಿ ಬಿಂದುವಿಗೇ ಕೊಂಡೊಯ್ದು ಎಂಜಿನ್ ಆರಿಸಿದೆವು. ಬೆಂಗಳೂರು ಈ ಕಡೆ ಎಳೆಯುತ್ತದೆ, ನಂಜನಗೂಡು ಆ ಕಡೆ ಎಳೆಯುತ್ತದೆ, ಎರಡೂ ಸಮ. ನೌಕೆ ಅಲ್ಲಾಡದೆ ನಿಂತಿತು. ಸುತ್ತ ಎರಡು ಭಾರಿ ಕಲ್ಲುಗಳು ಮೆಲ್ಲಗೆ ತಿರುಗುತ್ತಿದ್ದವು. ಇದು ಆರ್ಬಿಟರಿನಲ್ಲಿ ಸಾಧ್ಯ, ಅದು ನೌಕೆಯ ಮೇಲೆ ಹಲವು ಕಾಯಗಳ ಎಳೆತವನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಇನ್ನೊಂದು ಜನಪ್ರಿಯ ಆಟವಿದೆ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ, ಬೇಡ ಎನ್ನುವುದಿಲ್ಲ. ಆದರೆ ಅದರಲ್ಲಿ ನೌಕೆಯನ್ನು ಒಂದು ಸಲಕ್ಕೆ ಒಂದೇ ಕಾಯ ಎಳೆಯುತ್ತದೆ. ಅಲ್ಲಿ ಇಂಥ ನಡುವಿನ ಜಾಗ ಸಿಗದು.

ನೌಕೆ ಎಷ್ಟು ಹೊತ್ತು ನಿಂತೀತು? ಬಹಳ ಹೊತ್ತಲ್ಲ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದ ಹಾಗೆ ಅದು. ಹತ್ತು ಮೀಟರ್ ಆಚೀಚೆ ಇದ್ದರೂ ಸಾಕು, ಹತ್ತಿರದ ಕಲ್ಲು ತುಸು ಹೆಚ್ಚು ಎಳೆಯುತ್ತದೆ, ಹತ್ತಿರವಾದಷ್ಟೂ ಇನ್ನೂ ಹೆಚ್ಚು ಎಳೆಯುತ್ತದೆ. ಕೆಲವೇ ಗಂಟೆಗಳಲ್ಲಿ ನೌಕೆ ಜಾರಿ ಒಂದು ಪಕ್ಷ ಸೇರಿಬಿಡುತ್ತದೆ.

ಆಕಾಶದ ಗಡಿಯಾರ

ಇದೆಲ್ಲ ರಜೆಯ ಆಟ ಎಂದುಕೊಳ್ಳಬೇಡಿ. ಇಂಥದೇ ಒಂದು ಜೋಡಿಯನ್ನು ಅಮೆರಿಕದ ನಾಸಾ ಸಂಸ್ಥೆ ಆರಿಸಿಕೊಂಡು, ಅದಕ್ಕೆ ಬೇಕೆಂದೇ ಒಂದು ನೌಕೆಯನ್ನು ಗುದ್ದಿಸಿತು. ಭೂಮಿಗೆ ಬಡಿಯಲು ಬರುವ ಕಲ್ಲನ್ನು ದಾರಿ ತಪ್ಪಿಸಲು ಮನುಷ್ಯನಿಂದ ಸಾಧ್ಯವೇ ಎಂದು ನೋಡುವ ಮೊದಲ ಪರೀಕ್ಷೆ ಅದು. ನಾವು ಕಟ್ಟಿದ ಎರಡನೆಯ ಮಾದರಿ ಈ ಜೋಡಿಯದು.

ದೊಡ್ಡದರ ಹೆಸರು ಡಿಡಿಮಾಸ್, ಗ್ರೀಕ್ ಭಾಷೆಯಲ್ಲಿ ಅವಳಿ ಎಂದರ್ಥ. 1996ರಲ್ಲಿ ಸಿಕ್ಕಿತು. ಅಡ್ಡಳತೆ ಮುಕ್ಕಾಲು ಕಿ.ಮೀ.ಗೆ ಸ್ವಲ್ಪ ಹೆಚ್ಚು. ಚಿಕ್ಕದು ಡಿಮಾರ್ಫಸ್, 2003ರಲ್ಲಿ ಪತ್ತೆಯಾದದ್ದು. ಮುರುಡೇಶ್ವರದ ರಾಜಗೋಪುರದಂಥ ಎರಡನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟು. ಎರಡರ ಕೇಂದ್ರಗಳ ನಡುವೆ ಸುಮಾರು 1,190 ಮೀಟರ್. ಚಿಕ್ಕದು ದೊಡ್ಡದನ್ನು ಸೆಕೆಂಡಿಗೆ 17 ಸೆಂ.ಮೀ. ವೇಗದಲ್ಲಿ ಸುತ್ತುತ್ತಿತ್ತು, ಅಂಬೆಗಾಲಿಡುವ ಕೂಸಿನ ವೇಗ. ಇವು ಹೇಗೆ ಜೋಡಿಯಾದವು ಎಂಬುದೂ ಸ್ವಾರಸ್ಯವಾಗಿದೆ. ಡಿಡಿಮಾಸ್ ಗಟ್ಟಿ ಬಂಡೆಯಲ್ಲ, ಕಲ್ಲುಮಣ್ಣಿನ ರಾಶಿ. ಸೂರ್ಯನ ಬೆಳಕು ಕೋಟ್ಯಂತರ ಸಲ ತಾಗಿ ತಾಗಿ ಅದರ ತಿರುಗಾಟವನ್ನು ಹೆಚ್ಚಿಸಿತು. ಈಗ ಅದು ಎರಡೂಕಾಲು ಗಂಟೆಗೊಮ್ಮೆ ತಿರುಗುತ್ತದೆ. ಬೀಸುಕಲ್ಲಿನ ಅಂಚಿನಿಂದ ಹಿಟ್ಟು ಚೆಲ್ಲಿದಂತೆ ನಡುವಿನಿಂದ ಕಲ್ಲುಮಣ್ಣು ಹೊರಬಿದ್ದು, ಸುತ್ತ ಕೂಡಿಕೊಂಡು ಚಿಕ್ಕದಾಯಿತು ಎಂದು ವಿಜ್ಞಾನಿಗಳು ಊಹಿಸುತ್ತಾರೆ.

ಪರೀಕ್ಷೆಗೆ ಜೋಡಿಯೇ ಯಾಕೆ ಬೇಕು? ಒಂಟಿ ಕಲ್ಲನ್ನೇ ಗುದ್ದಬಹುದಿತ್ತಲ್ಲ? ಗುದ್ದಬಹುದಿತ್ತು. ಆದರೆ ಸೂರ್ಯನ ಸುತ್ತ ಸೆಕೆಂಡಿಗೆ ಹತ್ತಾರು ಕಿ.ಮೀ. ಓಡುವ ಕಲ್ಲಿನ ವೇಗ ಕೆಲವು ಮಿಲಿಮೀಟರ್ ಬದಲಾದದ್ದನ್ನು ಭೂಮಿಯಿಂದ ಅಳೆಯಲು ವರ್ಷಗಳು ಬೇಕು. ಜೋಡಿಯಾದರೆ ಅದೇ ಒಂದು ಗಡಿಯಾರ. ದೂರದರ್ಶಕದಲ್ಲಿ ಎರಡೂ ಸೇರಿ ಒಂದೇ ಚುಕ್ಕೆಯಂತೆ ಕಂಡರೂ, ಒಂದು ಇನ್ನೊಂದರ ಮುಂದೆ ಬಂದಾಗ ಅಥವಾ ಹಿಂದೆ ಸರಿದಾಗ ಚುಕ್ಕೆಯ ಬೆಳಕು ತುಸು ಮಂಕಾಗುತ್ತದೆ. ಮಂಕಿನಿಂದ ಮಂಕಿಗೆ ಎಷ್ಟು ಹೊತ್ತು ಎಂದು ಎಣಿಸಿದರೆ ಸುತ್ತಿನ ಸಮಯ ಸಿಕ್ಕಿತು. ಗುದ್ದುವ ಮೊದಲು ಅದು 11 ಗಂಟೆ 55 ನಿಮಿಷ.

ಡಾರ್ಟ್ ಎಂಬ ಆ ನೌಕೆ 2021ರ ನವೆಂಬರಿನಲ್ಲಿ ಹೊರಟಿತು. 2022ರ ಸೆಪ್ಟೆಂಬರ್ 27, ನಮ್ಮಲ್ಲಿ ಬೆಳಗಿನ ಜಾವ 4 ಗಂಟೆ 44 ನಿಮಿಷ. ಭೂಮಿಯಿಂದ 1.1 ಕೋಟಿ ಕಿ.ಮೀ. ದೂರದಲ್ಲಿ ಅದು ಡಿಮಾರ್ಫಸ್‌ಗೆ ಅಪ್ಪಳಿಸಿತು. ವೇಗ ಸೆಕೆಂಡಿಗೆ 6 ಕಿ.ಮೀ.ಗೂ ಹೆಚ್ಚು. ಬೆಂಗಳೂರು ಬಿಟ್ಟು ಇಪ್ಪತ್ತನಾಲ್ಕು ಸೆಕೆಂಡಿನಲ್ಲಿ ಮೈಸೂರು! ಎರಡು ಕಲ್ಲಲ್ಲಿ ಯಾವುದು ಚಿಕ್ಕದು ಎಂದು ಗುರುತಿಸಿ ಗುರಿಯಿಟ್ಟದ್ದು ಕೂಡ ನೌಕೆಯೇ. ಕೊನೆಯ ಹೊತ್ತಿನಲ್ಲಿ ಅದನ್ನು ಇಲ್ಲಿಂದ ಯಾರೂ ನಡೆಸುತ್ತಿರಲಿಲ್ಲ. ಸುತ್ತಿನ ಸಮಯ 73 ಸೆಕೆಂಡ್ ಬದಲಾದರೂ ಗೆದ್ದಂತೆ ಎಂದು ಮೊದಲೇ ನಿಗದಿ ಮಾಡಿಕೊಂಡಿದ್ದರು. ಬದಲಾದದ್ದು ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು, 33 ನಿಮಿಷ.

ಇಲ್ಲಿ ಮೊಮ್ಮಗಳು ಒಂದು ಒಳ್ಳೆಯ ತಕರಾರು ತೆಗೆದಳು. ನೌಕೆ ಎದುರಿನಿಂದ ಬಂದು ಗುದ್ದಿತು. ಅಂದರೆ ಕಲ್ಲಿಗೆ ಬ್ರೇಕ್ ಬಿತ್ತು, ವೇಗ ಕಡಿಮೆಯಾಯಿತು. ಹಾಗಾದರೆ ಸುತ್ತಿಗೆ ಹೆಚ್ಚು ಸಮಯ ಹಿಡಿಯಬೇಕಲ್ಲ, ಕಡಿಮೆ ಯಾಕಾಯಿತು? ಮಕ್ಕಳೇ, ಇದು ಆಕಾಶದ ತಮಾಷೆ. ಬ್ರೇಕ್ ಬಿದ್ದ ಕಲ್ಲು ದೊಡ್ಡದರ ಕಡೆಗೆ ಜಾರುತ್ತದೆ. ಜಾರಿದಾಗ ಅದರ ಸುತ್ತು ಚಿಕ್ಕದಾಗುತ್ತದೆ, ಚಿಕ್ಕ ಸುತ್ತಿನಲ್ಲಿ ಓಟವೂ ಚುರುಕು. ಆದ್ದರಿಂದ ಬೇಗ ಮುಗಿಯುತ್ತದೆ. ನಮ್ಮ ಮಾದರಿಯಲ್ಲಿ ಚಿಕ್ಕ ಕಲ್ಲಿನ ವೇಗವನ್ನು ಸೆಕೆಂಡಿಗೆ 2.7 ಮಿ.ಮೀ. ಇಳಿಸಿ ನೋಡಿದೆವು. ಕಾಗದದ ಮೇಲೂ ಮಾಡಬಹುದು: 174 ಮಿ.ಮೀ.ನಲ್ಲಿ 2.7 ಎಂದರೆ ನೂರಕ್ಕೆ 1.55. ಸಮಯದ ಬದಲಾವಣೆ ಅದರ ಮೂರು ಪಟ್ಟು, ನೂರಕ್ಕೆ 4.65. ಹನ್ನೊಂದು ಗಂಟೆ 55 ನಿಮಿಷ ಎಂದರೆ 715 ನಿಮಿಷ. ಅದರಲ್ಲಿ 4.65 ಪಾಲು ತೆಗೆದರೆ 33 ನಿಮಿಷ. ಮಾಡಿ ನೋಡಿ, ತಾಳೆಯಾಗುತ್ತದೆ.

ಆದರೆ ಒಂದು ಬಾಬ್ತು ಇನ್ನೂ ಬಾಕಿ ಇದೆ. ನೌಕೆಯ ಗುದ್ದಿಗಿಂತಲೂ, ಗುದ್ದಿದಾಗ ಎದ್ದು ಹಾರಿದ ಕಲ್ಲು-ದೂಳು ಹಿಂದಕ್ಕೆ ಕೊಟ್ಟ ನೂಕು ಹೆಚ್ಚಾಗಿತ್ತು ಎಂದು ಲೆಕ್ಕ ಹೇಳುತ್ತದೆ. ಎಷ್ಟು ಹೆಚ್ಚು? ಅದನ್ನು ಖಚಿತವಾಗಿ ಹೇಳಲು ಡಿಮಾರ್ಫಸ್‌ನ ತೂಕ ಗೊತ್ತಿರಬೇಕು. ಈಗಿರುವುದು ಅಂದಾಜು, ಸುಮಾರು 430 ಕೋಟಿ ಕಿಲೋ. ಮುಂದೆ ಎಂದಾದರೂ ನಿಜವಾಗಿ ಭೂಮಿಯ ದಾರಿಗೆ ಕಲ್ಲೊಂದು ಬಂದರೆ, ಎಷ್ಟು ದೊಡ್ಡ ನೌಕೆ ಕಳಿಸಬೇಕು, ಎಷ್ಟು ವರ್ಷ ಮೊದಲು ಕಳಿಸಬೇಕು ಎಂಬುದು ಈ ಅಂಕಿಯ ಮೇಲೆ ನಿಂತಿದೆ. ಅಂದಾಜಿನ ಮೇಲೆ ಸಾಲ ಮಂಜೂರು ಮಾಡುವಂತಿಲ್ಲ.

ಆ ತೂಕವನ್ನು ನೋಡಿಬರಲು ಯುರೋಪಿನ ಹೀರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟಿದೆ. 2026ರ ಕೊನೆಯ ಹೊತ್ತಿಗೆ ಅದು ಅಲ್ಲಿ ತಲುಪಬೇಕೆಂಬುದು ಲೆಕ್ಕಾಚಾರ. ಅಷ್ಟು ದೊಡ್ಡ ಬಂಡೆಯನ್ನು ತೂಗಲು ತಕ್ಕಡಿ ಎಲ್ಲಿಂದ ತರುತ್ತಾರೆ? ಮತ್ತೆ ನಮ್ಮ ತಾತನ ಪಾದ ನೋಡಬೇಕು. ಡಿಡಿಮಾಸ್ ತನ್ನ ಪುಟ್ಟ ಜೊತೆಗಾರನಿಗಿಂತ ನೂರು ಪಟ್ಟಿಗೂ ಹೆಚ್ಚು ಭಾರ. ಆದರೂ ಅದು ಕಂಬದಂತೆ ನಿಂತಿಲ್ಲ. ಅವೆರಡರ ಖಾಲಿ ಬಿಂದು ಡಿಡಿಮಾಸ್‌ನ ಕೇಂದ್ರದಿಂದ ಹತ್ತು ಮೀಟರಿಗೂ ಸ್ವಲ್ಪ ಈಚೆಗೆ ಇರಬೇಕು. ಮುಕ್ಕಾಲು ಕಿ.ಮೀ. ಅಗಲದ ಕಲ್ಲು ಹತ್ತು ಮೀಟರಿನ ಆ ಸುತ್ತನ್ನು ಓಲಾಡುತ್ತ ಹಾಕುತ್ತಿದೆ. ಜೊತೆಗಾರ ಭಾರವಾದಷ್ಟೂ ಓಲಾಟ ದೊಡ್ಡದು, ಹಗುರಾದಷ್ಟೂ ಚಿಕ್ಕದು. ಹೀರಾ ಪಕ್ಕದಲ್ಲಿ ನಿಂತು ಆ ಓಲಾಟವನ್ನು ಅಳೆಯುತ್ತದೆ. ಅಷ್ಟರಿಂದಲೇ ಚಿಕ್ಕದರ ತೂಕ ತಿಳಿಯುತ್ತದೆ.

ನಮ್ಮ ಎರಡನೆಯ ಫೈಲಿನಲ್ಲಿ ಡಿಮಾರ್ಫಸ್‌ನ ದ್ರವ್ಯರಾಶಿಯ ಸಾಲಿನಲ್ಲಿ ಸದ್ಯಕ್ಕೆ 430 ಕೋಟಿ ಎಂದಿದೆ. ಅದರ ಪಕ್ಕದಲ್ಲಿ ಮೊಮ್ಮಗಳು ಕನ್ನಡದಲ್ಲೇ ಒಂದು ಷರಾ ಬರೆದಿಟ್ಟಿದ್ದಾಳೆ: "ಹೀರಾ ಬಂದ ಮೇಲೆ ತಿದ್ದುವುದು."